ಜೀಪಿನ ಅಡಿಯಲ್ಲಿ ‘ಟಕ್’ ಶಬ್ದ: ಯಾವ ಬುಶ್ ಹೋಗಿದೆ, ರಬ್ಬರ್ ಹಾಕಬೇಕೋ ಪಾಲಿ ಹಾಕಬೇಕೋ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ತಿರುವು. ಒಂದೊಂದು ತಿರುವಿಗೂ ಬ್ರೇಕ್ ಒತ್ತಲೇಬೇಕು. ಮೂರು ಮಳೆಗಾಲದ ಹಿಂದೆ ನನ್ನ ಜೀಪು ಅಲ್ಲಿ ಬ್ರೇಕ್ ಒತ್ತಿದ ಕೂಡಲೇ ಒಂದು ಸಲ ‘ಟಕ್’, ಬಿಟ್ಟ ಕೂಡಲೇ ಇನ್ನೊಂದು ಸಲ ‘ಟಕ್’ ಎನ್ನಲು ಶುರುಮಾಡಿತು. ಹೊಂಡಕ್ಕೆ ಬಿದ್ದರೆ ಶಬ್ದ ಇಲ್ಲ, ನೇರ ರಸ್ತೆಯಲ್ಲಿ ಇಲ್ಲ, ಬ್ರೇಕಿಗೆ ಮಾತ್ರ. ಕಾಲಡಿಯ ತಗಡಿಗೆ ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದ ಹಾಗೆ ಪಾದಕ್ಕೇ ಗೊತ್ತಾಗುತ್ತಿತ್ತು.

ಹೆಬ್ರಿಯಲ್ಲಿ ಚಾ ಕುಡಿಯಲು ನಿಂತಾಗ ಜೊತೆಗಿದ್ದ ಗೆಳೆಯ, “ಇಡೀ ಸೆಟ್ ಪಾಲಿ ಬುಶ್ ಹಾಕಿಬಿಡು ಮಾರಾಯ, ಮತ್ತೆ ಹತ್ತು ವರ್ಷ ನೋಡ್ಲಿಕ್ಕೇ ಇಲ್ಲ” ಎಂದ. ಬುಶ್ ಎಂದರೆ ಗಾಡಿಯ ಅಡಿಯ ಆರ್ಮ್, ರಾಡುಗಳ ತುದಿಯಲ್ಲಿ ಬೋಲ್ಟಿನ ಸುತ್ತ ಕೂರುವ ಮೆತ್ತನೆಯ ತುಂಡು; ಕಂಪನಿಯದು ರಬ್ಬರಿನದು, ಪಾಲಿ ಎಂದರೆ ಗಡಸಾದ ಪಾಲಿಯುರೆಥೇನಿನದು. ಹಾಕಿಸಿದೆ. ‘ಟಕ್’ ಶಬ್ದ ನಿಂತಿತು. ಆದರೆ ತೋಟದ ದಾರಿಯಲ್ಲಿ ಮೊದಲು ಸಲೀಸಾಗಿ ದಾಟುತ್ತಿದ್ದ ಚರಂಡಿಯಲ್ಲಿ ಒಂದು ಚಕ್ರ ಗಾಳಿಗೆ ಎದ್ದು ಗಾಡಿ ಅಲ್ಲೇ ಸಿಕ್ಕಿಹಾಕಿಕೊಳ್ಳತೊಡಗಿತು. ನಾಲ್ಕೇ ತಿಂಗಳಲ್ಲಿ ಎಡಬಲ ಚಕ್ರಗಳನ್ನು ಸೇರಿಸುವ ಆಕ್ಸಲ್ ಮೇಲಿನ ಒಂದು ಬ್ರಾಕೆಟ್ಟಿನ ವೆಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಆ ಬಿರುಕು ನೋಡಿದ ಮೇಲೆ ಬುಶ್ಶಿನ ವಿಷಯವನ್ನು ಮೊದಲಿನಿಂದ ಕಲಿಯಲು ಕೂತೆ. ಕಲಿತದ್ದನ್ನು ಕರಾವಳಿಯಲ್ಲಿ ಫೋರ್ ವೀಲ್ ಡ್ರೈವ್ ಇಟ್ಟುಕೊಂಡ ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ರಬ್ಬರ್ ಒಳ್ಳೆಯದೋ ಪಾಲಿಯುರೆಥೇನ್ ಒಳ್ಳೆಯದೋ ಎಂದು ಇಡೀ ಗಾಡಿಗೆ ಒಂದೇ ಉತ್ತರ ಹುಡುಕಬೇಡಿ. ಯಾವ ಜಾಗದ ಬುಶ್ ಹೋಗಿದೆ, ಅದು ಯಾಕೆ ಹೋಯಿತು, ಆ ಜಾಗದಲ್ಲಿ ಕಬ್ಬಿಣ ಯಾವ ಕಡೆಗೆಲ್ಲ ಹೊರಳಬೇಕು, ಈ ಮೂರು ಗೊತ್ತಾದರೆ ಯಾವುದನ್ನು ಹಾಕಬೇಕೆಂದು ಆ ಜಾಗವೇ ಹೇಳುತ್ತದೆ.

ಮೊದಲು ಶಬ್ದ ಯಾವಾಗ ಬರುತ್ತದೆ ನೋಡಿ

ಗ್ಯಾರೇಜಿಗೆ ಹೋಗಿ “ಅಡಿಯಲ್ಲಿ ಶಬ್ದ ಬರುತ್ತದೆ” ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಅಂದಾಜಿನ ಮೇಲೆ ಬಿಚ್ಚಬೇಕಾಗುತ್ತದೆ. ಎರಡು ದಿನ ಗಮನವಿಟ್ಟು ಓಡಿಸಿ, ಯಾವಾಗ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಬ್ರೇಕ್ ಒತ್ತಿದಾಗ ಒಂದು, ಬಿಟ್ಟಾಗ ಒಂದು ಬಂದರೆ ಆಕ್ಸಲ್ಲನ್ನು ಹಿಂದೆ ಮುಂದೆ ಹೋಗದಂತೆ ಹಿಡಿದಿರುವ ಆರ್ಮ್‌ಗಳ ಬುಶ್ ಮೇಲೆ ಸಂಶಯಪಡಿ. ಇಡೀ ಆಕ್ಸಲ್ಲಿನ (ಎಡಬಲ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್ ಇರುವ) ಗಾಡಿಯಾದರೆ ರೇಡಿಯಸ್ ಆರ್ಮ್ ಅಥವಾ ಟ್ರೇಲಿಂಗ್ ಆರ್ಮ್, ಮುಂದೆ ಪ್ರತಿ ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇರುವ ಗಾಡಿಯಾದರೆ ಲೋವರ್ ಆರ್ಮಿನ ಹಿಂದಿನ ಬುಶ್. ಕ್ಲಚ್ ಬಿಟ್ಟು ಗಾಡಿ ಹೊರಡುವಾಗ, ರಿವರ್ಸಿನಿಂದ ಒಂದನೇ ಗೇರಿಗೆ ಬರುವಾಗ ಮಾತ್ರ ಬಂದರೆ ಬುಶ್ ಇರಬಹುದು, ಆದರೆ ಮೊದಲು ಆಕ್ಸಲ್ಲಿಗೆ ಎಂಜಿನ್ನಿನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸನ್ನು (ತುದಿಯ ಕೀಲನ್ನು) ಕೈಯಲ್ಲಿ ತಿರುಗಿಸಿ ನೋಡಿ. ಕ್ರಾಸ್ ಹೋದದ್ದಕ್ಕೆ ಬುಶ್ ಬದಲಿಸಿ ದುಡ್ಡು ಕಳೆದುಕೊಂಡವರು ನನಗೆ ಗೊತ್ತಿದ್ದವರಲ್ಲೇ ಇದ್ದಾರೆ. ಸಣ್ಣ ಸಣ್ಣ ಏರುತಗ್ಗಿಗೆ ‘ಕಟಕಟ’ ಎಂದು ಎಡೆಬಿಡದೆ ಬಂದರೆ ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡ್ ಅಥವಾ ಬಾರನ್ನು ಹಿಡಿದಿರುವ ಡಿ ಆಕಾರದ ಬುಶ್ (ಡಿ ಬುಶ್). ದೊಡ್ಡ ಹೊಂಡಕ್ಕೆ ಮಾತ್ರ ‘ಧಡ್’ ಎಂದರೆ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್. ಹಂಪ್ ಮೇಲೆ ಓರೆಯಾಗಿ ಹತ್ತಿದಾಗ, ಗಾಡಿ ಎಡಕ್ಕೂ ಬಲಕ್ಕೂ ವಾಲಿದಾಗ ಬಂದರೆ ಆಕ್ಸಲ್ ಬದಿಗೆ ಸರಿಯದಂತೆ ಹಿಡಿಯುವ ಪ್ಯಾನ್ಹಾರ್ಡ್ ರಾಡ್.

ಶಬ್ದವೇ ಇಲ್ಲದೆ ಬರುವ ಲಕ್ಷಣಗಳೂ ಉಂಟು. ಹೆದ್ದಾರಿ 66ರಲ್ಲಿ ಪಡುಬಿದ್ರಿಯಿಂದ ಕಾಪು ಕಡೆಗೆ ನೇರ ಹೋಗುವಾಗಲೂ ಸ್ಟೇರಿಂಗ್ ಸಣ್ಣಗೆ ತಿದ್ದುತ್ತಲೇ ಇರಬೇಕಾದರೆ, ಎಕ್ಸಲರೇಟರ್ ಬಿಟ್ಟಾಗ ಗಾಡಿಯ ಬಾಲ ಒಂದು ಬದಿಗೆ ಸರಿದಂತೆ ಅನಿಸಿದರೆ, ಟೈರ್ ಒಳಬದಿ ಮಾತ್ರ ಸವೆಯುತ್ತಿದ್ದರೆ ಬುಶ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಇಡೀ ಆಕ್ಸಲ್ಲಿನ ಗಾಡಿಯಲ್ಲಿ ಒಂದು ಹೊಂಡಕ್ಕೆ ಬಿದ್ದ ಮೇಲೆ ಸ್ಟೇರಿಂಗ್ ಹಿಡಿತಕ್ಕೇ ಸಿಗದ ಹಾಗೆ ಗಡಗಡ ನಡುಗಿ, ವೇಗ ಪೂರ್ತಿ ಇಳಿಸಿದ ಮೇಲಷ್ಟೇ ನಿಂತರೆ ಅದನ್ನು ನಾಳೆಗೆ ಮುಂದೂಡಬೇಡಿ. ಪ್ಯಾನ್ಹಾರ್ಡ್ ರಾಡಿನ ಬುಶ್, ಟೈ ರಾಡ್ ಎಂಡ್, ಕಿಂಗ್ ಪಿನ್ ಬೇರಿಂಗ್, ಟೈರ್ ಬ್ಯಾಲೆನ್ಸ್ ನಾಲ್ಕನ್ನೂ ನೋಡಬೇಕು. ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿದರೆ ನಡುಕ ಕಾಣುವುದಿಲ್ಲ, ರೋಗ ಹಾಗೆಯೇ ಉಳಿಯುತ್ತದೆ.

ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದರೆ ಇನ್ನೊಂದು ಮಾತು. ಎತ್ತರಿಸಿದಾಗ ಮುಂದಿನ ಆಕ್ಸಲ್ ಸ್ವಲ್ಪ ಹೊರಳಿ ಕ್ಯಾಸ್ಟರ್ (ಸ್ಟೇರಿಂಗಿಗೆ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಸ್ಟೇರಿಂಗ್ ತನ್ನಷ್ಟಕ್ಕೆ ನೇರಕ್ಕೆ ಬರುವುದಿಲ್ಲ. ಇದು ಬುಶ್ ಹೋದ ಲಕ್ಷಣದ ಹಾಗೆಯೇ ಕಾಣುತ್ತದೆ. ಎತ್ತರಿಸಿದ ಮರುದಿನದಿಂದಲೇ ಹೀಗಾಗಿದ್ದರೆ ಬುಶ್ಶನ್ನು ದೂರಬೇಡಿ, ಅಲೈನ್ಮೆಂಟ್ ಶೀಟಿನಲ್ಲಿ ಕ್ಯಾಸ್ಟರ್ ನೋಡಿ.

ಮಳೆಯೇ ಒಂದು ಪರೀಕ್ಷೆ

ನಮ್ಮ ಊರಿನವರಿಗೆ ಪುಕ್ಕಟೆ ಸಿಗುವ ಪರೀಕ್ಷೆ ಇದು. ಮಳೆ ಬಂದಾಗ ಶಬ್ದ ನಿಂತು, ಬಿಸಿಲು ಬಿದ್ದು ಒಣಗಿದ ಮೇಲೆ ಮತ್ತೆ ‘ಕಿರ್ ಕಿರ್’ ಎಂದರೆ ಅದು ಒಣಗಿದ ಬುಶ್ಶಿನ ಉಜ್ಜಾಟ, ಏನೂ ಮುರಿದಿಲ್ಲ. ಮಳೆಯಿರಲಿ ಬಿಸಿಲಿರಲಿ ಒಂದೇ ರೀತಿ ‘ಟಕ್’ ಎಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ ಅಥವಾ ಬೋಲ್ಟ್ ಸಡಿಲವಾಗಿದೆ.

ಬೇಸಿಗೆಯಲ್ಲಿ ಇದನ್ನೇ ಬಾಟ್ಲಿಯಲ್ಲಿ ಮಾಡಬಹುದು. ಸೋಪಿನ ನೀರನ್ನು ಸ್ಪ್ರೇ ಬಾಟ್ಲಿಗೆ ತುಂಬಿ ಒಂದು ಸಲಕ್ಕೆ ಒಂದೇ ಬುಶ್ ಒದ್ದೆ ಮಾಡಿ, ಬಂಪರ್ ಹಿಡಿದು ಗಾಡಿಯನ್ನು ಕುಲುಕಿಸಿ. ಯಾವುದನ್ನು ಒದ್ದೆ ಮಾಡಿದಾಗ ಕಿರುಗುಟ್ಟುವುದು ನಿಲ್ಲುತ್ತದೋ ಅದೇ ಬುಶ್. ಅವಸರಕ್ಕೆ ಆಯಿಲ್, ಡೀಸೆಲ್, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಸುಳ್ಯ, ಕಡಬದ ಕಡೆ ರಬ್ಬರ್ ತೋಟ ಇರುವವರು ಒಂದು ತುಂಡು ಶೀಟನ್ನು ರಾತ್ರಿ ಡೀಸೆಲ್ಲಿನಲ್ಲಿ ಹಾಕಿಟ್ಟು ಬೆಳಿಗ್ಗೆ ತೆಗೆದು ನೋಡಲಿ. ಉಬ್ಬಿ, ಮೆತ್ತಗಾಗಿ, ಬೆರಳಿಗೆ ಅಂಟುತ್ತದೆ. ಬುಶ್ಶಿನಲ್ಲಿರುವುದೂ ಹೆಚ್ಚಾಗಿ ನೈಸರ್ಗಿಕ ರಬ್ಬರೇ. ಗಂಧಕ ಹಾಕಿ ಬೇಯಿಸಿರುವುದರಿಂದ ಅಷ್ಟು ಬೇಗ ಕರಗುವುದಿಲ್ಲ, ಆದರೆ ಎಣ್ಣೆ ಅದಕ್ಕೂ ಶತ್ರುವೇ.

ಅಡಿಗೆ ಇಳಿದು ನೋಡುವಾಗ

ಒಂದು ಎಚ್ಚರಿಕೆ ಮೊದಲೇ ಹೇಳುತ್ತೇನೆ. ಜಾಕಿ ಒಂದರ ಮೇಲೆ ನಿಂತ ಗಾಡಿಯ ಅಡಿಗೆ ಯಾವತ್ತೂ ಹೋಗಬಾರದು. ನಮ್ಮಲ್ಲಿ ಅಂಗಳದಲ್ಲಿರುವ ಕೆಂಪುಕಲ್ಲನ್ನೇ ಅಡ್ಡ ಕೊಡುವ ಅಭ್ಯಾಸ ಉಂಟು. ಮಳೆಗೆ ನೆಂದ ಕೆಂಪುಕಲ್ಲು ಭಾರಕ್ಕೆ ಹೇಗೆ ಸೀಳುತ್ತದೆಂದು ಕಲ್ಲು ಕೆತ್ತುವವರನ್ನು ಕೇಳಿ. ಸ್ಟ್ಯಾಂಡ್ ಇಲ್ಲದಿದ್ದರೆ ಸರ್ವಿಸ್ ಸ್ಟೇಷನ್ನಿನ ರ‍್ಯಾಂಪಿಗೆ ಹೋಗಿ. ನಾನು ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಚಕ್ರ ನೆಲದ ಮೇಲೆ ಇರುವಾಗಲೇ ಮಾಡಬೇಕು.

ಮೊದಲನೆಯದು, ಫೋನ್ ಪರೀಕ್ಷೆ. ಸಂಶಯ ಇರುವ ಬುಶ್ ಕಾಣುವಂತೆ ಫೋನನ್ನು ಅಡಿಯಲ್ಲಿ ನಿಲ್ಲಿಸಿ, ಟಾರ್ಚ್ ಹಾಕಿ, ವಿಡಿಯೋ ಚಾಲೂ ಮಾಡಿ ನೀವು ಹೊರಗೆ ಬನ್ನಿ. ಎಂಜಿನ್ ಬಂದ್ ಇರಲಿ. ಒಬ್ಬರು ಒಳಗೆ ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲಿ, ಇಬ್ಬರು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ದೂಡಲಿ. ಸರಿ ಇರುವ ರಬ್ಬರ್ ಬುಶ್ಶಿನಲ್ಲಿ ಆರ್ಮ್ ಸ್ವಲ್ಪ ಜಗ್ಗಿ ಮೆಲ್ಲಗೆ ಸ್ವಸ್ಥಾನಕ್ಕೆ ಬರುತ್ತದೆ. ಹೋದ ಬುಶ್ಶಿನಲ್ಲಿ ಆರ್ಮ್ ಸರಕ್ಕನೆ ಸರಿದು ಬಡಿದು ನಿಲ್ಲುತ್ತದೆ. ನನ್ನ ವಿಡಿಯೋದಲ್ಲಿ ಎಡಗಡೆಯ ಆರ್ಮ್ ಹೆಚ್ಚುಕಡಿಮೆ ಬೆರಳಿನ ಉಗುರಿನಷ್ಟು ಸರಿಯುತ್ತಿತ್ತು, ಬಲಗಡೆಯದು ಅಲುಗುತ್ತಿರಲಿಲ್ಲ. ಎರಡೂ ಕಡೆ ಹೋಲಿಸಿ ನೋಡುವುದೇ ಇದರ ಲಾಭ.

ಪ್ಯಾನ್ಹಾರ್ಡ್ ರಾಡಿಗಾದರೆ ಎಂಜಿನ್ ಚಾಲೂ ಇಟ್ಟು, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಒಂದು ಗೇಣು ಅಲುಗಿಸಲಿ. ಆಗಲೂ ಅಡಿಯಲ್ಲಿ ಫೋನ್ ಇರಲಿ, ತಲೆ ಬೇಡ. ರಾಡಿನ ಕಣ್ಣು (ಬುಶ್ ಕೂರುವ ತುದಿಯ ಬಳೆ) ಬೋಲ್ಟಿನ ಸುತ್ತ ಕುಣಿಯುತ್ತಿದ್ದರೆ ಸಿಕ್ಕಿತು.

ಎರಡನೆಯದು ಗೆರೆಯ ಪರೀಕ್ಷೆ. ಇದಕ್ಕೆ ಬಿಳಿ ಪೇಂಟಿನ ಒಂದು ಮಾರ್ಕರ್ ಸಾಕು. ಬೋಲ್ಟಿನ ತಲೆ, ವಾಷರ್, ಬ್ರಾಕೆಟ್ ಮೂರಕ್ಕೂ ತಾಗುವ ಹಾಗೆ ಒಂದು ನೇರ ಗೆರೆ ಎಳೆಯಿರಿ. ಒಂದು ವಾರ ಓಡಿಸಿ ನೋಡಿ. ಗೆರೆ ತುಂಡಾಗಿದ್ದರೆ ಬೋಲ್ಟ್ ಸಡಿಲ, ಬುಶ್ ಬದಲಿಸುವ ಮೊದಲು ಅದನ್ನು ಸರಿಮಾಡಿ. ಬಿಗಿ ಮಾಡಿದ ಮೇಲೂ ಶಬ್ದ ಬಂದರೆ ಬೋಲ್ಟ್ ತೆಗೆದು ಅದರ ಮೈ ನೋಡಿ. ನಡುವೆ ಸವೆದು ಹೊಳೆಯುತ್ತಿದ್ದರೆ ಬ್ರಾಕೆಟ್ಟಿನ ತೂತೂ ಅಗಲವಾಗಿರಬಹುದು. ಅಂಥ ತೂತಿಗೆ ಎಷ್ಟೇ ಒಳ್ಳೆಯ ಬುಶ್ ಹಾಕಿದರೂ ಶಬ್ದ ಹೋಗದು, ಲೇತಿನವರ ಹತ್ತಿರ ಹೋಗಲೇಬೇಕು.

ಮೂರನೆಯದು ಬರಿಗಣ್ಣಿನ ಪರೀಕ್ಷೆ. ರಬ್ಬರಿನ ಮೇಲ್ಮೈಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ಗಾಬರಿ ಬೇಡ, ಗಾಳಿಯಲ್ಲಿರುವ ಓಝೋನಿಗೆ, ಬಿಸಿಲಿಗೆ ಅದು ಬರುತ್ತದೆ. ನೋಡಬೇಕಾದದ್ದು ರಬ್ಬರ್ ಕಬ್ಬಿಣದ ಕೊಳವೆಯಿಂದ ಬಿಟ್ಟಿದೆಯೇ ಎಂದು. ಟೈರ್ ಲಿವರನ್ನು ಮೆಲ್ಲಗೆ ಕೊಟ್ಟು ಒತ್ತಿ, ಅಂಚಿನಲ್ಲಿ ಕಪ್ಪು ಸಂದು ಬಾಯಿ ತೆರೆದರೆ ಬಿಟ್ಟಿದೆ. ನಡುವಿನ ಕೊಳವೆ ಮಧ್ಯದಲ್ಲಿ ಇಲ್ಲದೆ ಒಂದು ಬದಿಗೆ ಕೂತಿದ್ದರೂ ಅದೇ ಅರ್ಥ. ಆದರೆ ಕೆಲವು ಕಂಪನಿ ಬುಶ್ಶಿನಲ್ಲಿ ಬೇಕೆಂದೇ ಎರಡು ಕಡೆ ಖಾಲಿ ಜಾಗ ಬಿಟ್ಟಿರುತ್ತಾರೆ. ಅದನ್ನು ಹರಿದದ್ದೆಂದು ತಿಳಿಯಬೇಡಿ, ಇನ್ನೊಂದು ಬದಿಯದ್ದರ ಜೊತೆ ಹೋಲಿಸಿ.

ಸ್ಟೆಬಿಲೈಸರ್ ಮೇಲೆ ಸಂಶಯವಾದರೆ ಇದಾವುದೂ ಬೇಡ. ಎರಡೂ ಲಿಂಕ್ ರಾಡ್ ಬಿಚ್ಚಿ, ಬಾರನ್ನು ಕಟ್ಟಿಟ್ಟು, ಮನೆ ಹತ್ತಿರದ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಬನ್ನಿ. ಶಬ್ದ ನಿಂತರೆ ಅಲ್ಲೇ.

ಯಾಕೆ ಹೋಯಿತು ಎನ್ನುವುದು

ನನ್ನ ಹಳೆಯ ಬುಶ್ಶನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿ ನೋಡಿದೆ. ಹೊರಗಿನ ಕೊಳವೆಗೆ ರಬ್ಬರ್ ಭದ್ರವಾಗಿ ಅಂಟಿತ್ತು. ಒಳಗಿನ ಕೊಳವೆಯಿಂದ ಮುಕ್ಕಾಲು ಸುತ್ತು ಕಿತ್ತುಬಂದಿತ್ತು, ಆ ಸಂದಿನಲ್ಲಿ ಕೆಮ್ಮಣ್ಣಿನ ನೀರು ಒಣಗಿ ಇಟ್ಟಿಗೆ ಪುಡಿಯ ಹಾಗೆ ಕೂತಿತ್ತು. ಹರಿದ ಬಾಯಿ ಒಂದೇ ದಿಕ್ಕಿಗೆ ಓರೆಯಾಗಿತ್ತು, ಬಟ್ಟೆ ಹಿಂಡಿದ ಹಾಗೆ. ಉದ್ಯಾವರದ ಕಡೆಯ ಲೇತಿನ ಅಣ್ಣ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಮಾಷ್ಟ್ರೇ, ಇದು ಸವೆದು ಹೋದ್ದಲ್ಲ. ಗಾಡಿ ಮೇಲೆ ಎತ್ತಿ ನಿಲ್ಲಿಸಿ ಬೋಲ್ಟ್ ಟೈಟ್ ಮಾಡಿದ್ದಾರೆ” ಎಂದರು.

ಅವರು ಹೇಳಿದ್ದರ ಅರ್ಥ ತಿಳಿಯಬೇಕಾದರೆ ಎರಡು ಬುಶ್‌ಗಳ ಕೆಲಸದ ರೀತಿ ಗೊತ್ತಿರಬೇಕು. ರಬ್ಬರ್ ಬುಶ್ ತಿರುಗುವುದೇ ಇಲ್ಲ. ಒಳಗಿನ ಕೊಳವೆಯನ್ನು ಬೋಲ್ಟ್ ಬ್ರಾಕೆಟ್ಟಿಗೆ ಕಚ್ಚಿಸಿ ಹಿಡಿದಿರುತ್ತದೆ, ಹೊರಗಿನ ಕೊಳವೆ ಆರ್ಮಿನ ಕಣ್ಣಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ನಡುವಿನ ರಬ್ಬರ್ ಎರಡಕ್ಕೂ ಅಂಟಿರುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗ ರಬ್ಬರ್ ತಿರುಚಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತದೆ. ಲಿಫ್ಟಿನ ಮೇಲೆ ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಬಿಗಿದರೆ ರಬ್ಬರಿಗೆ ನೇತಾಡುವ ಸ್ಥಿತಿಯೇ ವಿಶ್ರಾಂತಿಯ ಸ್ಥಿತಿ. ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ನಿಂತಿರುತ್ತದೆ, ಶೆಡ್ಡಿನಲ್ಲಿ ರಾತ್ರಿಯಿಡೀ ಕೂಡ. ಅದರ ಮೇಲೆ ಘಾಟಿ ಹತ್ತಿಸಿ ಇಳಿಸಿದರೆ ಒಂದು ಮಳೆಗಾಲಕ್ಕೆ ಹರಿಯುವುದರಲ್ಲಿ ಆಶ್ಚರ್ಯವಿಲ್ಲ. ನನ್ನದು ಹಾಗೆಯೇ ಆದದ್ದು. ಹಿಂದಿನ ಸಲ ಬದಲಿಸಿದ ಗ್ಯಾರೇಜಿನವರು ಮಾಡಿದ ಈ ಒಂದು ತಪ್ಪಿಗೆ ನಾನು ರಬ್ಬರನ್ನೇ ದೂರಿ ಪಾಲಿಗೆ ಹೋದೆ.

ಪಾಲಿ ಬುಶ್ಶಿನ ರೀತಿ ಬೇರೆ. ಅದು ಹೆಚ್ಚಾಗಿ ಎರಡು ತುಂಡಿನಲ್ಲಿ ಬರುತ್ತದೆ, ನಡುವೆ ಒಂದು ಉಕ್ಕಿನ ಕೊಳವೆ. ಯಾವುದಕ್ಕೂ ಅಂಟಿರುವುದಿಲ್ಲ. ಕೊಳವೆಯ ಸುತ್ತ ಬಾಗಿಲಿನ ತಿರುಗಣಿಯ ಹಾಗೆ ಸುತ್ತುತ್ತದೆ, ಅದಕ್ಕೇ ಗ್ರೀಸ್ ಬೇಕು. ಗಾಳಿಯಲ್ಲಿ ಬಿಗಿದರೂ ತಿರುಚಿಕೊಳ್ಳುವ ತೊಂದರೆ ಇಲ್ಲ. ರಬ್ಬರ್ ಬುಶ್ಶಿನ ಗಡಸು ಸಾಮಾನ್ಯವಾಗಿ ಶೋರ್ ‘ಎ’ ಅಳತೆಯಲ್ಲಿ 50ರಿಂದ 70 ಇದ್ದರೆ ಪಾಲಿಯದು 80ರಿಂದ 95ರ ಆಸುಪಾಸು. ಹಾಗಾಗಿ ಒತ್ತಡಕ್ಕೆ ಜಗ್ಗುವುದು ಕಡಿಮೆ, ಸ್ಟೇರಿಂಗ್ ಹೇಳಿದ ಮಾತು ಚಕ್ರಕ್ಕೆ ಕೂಡಲೇ ಮುಟ್ಟುತ್ತದೆ. ಬಣ್ಣ ನೋಡಿ ಗಡಸು ಹೇಳಲಿಕ್ಕಾಗದು, ಕೆಂಪು ಹಳದಿ ಎಲ್ಲ ಆಯಾ ಕಂಪನಿಯವರ ಲೆಕ್ಕ. ಸಂಖ್ಯೆಯನ್ನೇ ಕೇಳಿ.

ಇನ್ನು ಕರಾವಳಿಯ ಕಾರಣಗಳು. ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯದಿರಲಿ ಎಂದು ಗಾಡಿಯ ಅಡಿಗೆ ಹಳೆ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಸ್ಪ್ರೇ ಹೊಡೆಸುವುದು ಇಲ್ಲಿ ತಲೆತಲಾಂತರದ ಕ್ರಮ. ಚೇಸಿಗೆ ಅದರಿಂದ ಒಳ್ಳೆಯದೇ, ರಬ್ಬರ್ ಬುಶ್ಶಿಗೆ ಮಾತ್ರ ಕೆಟ್ಟದ್ದು. ಹೊಡೆಸುವುದೇ ಆದರೆ ಬುಶ್, ಕೀಲುಗಳ ರಬ್ಬರ್ ಮುಸುಕು (ಬೂಟ್), ಬ್ರೇಕ್ ಹೋಸುಗಳಿಗೆ ಪ್ಲಾಸ್ಟಿಕ್ ಸುತ್ತಿಸಿ, ಬ್ರೇಕ್ ಡಿಸ್ಕಿನ ಹತ್ತಿರ ಹೋಗಲೇಬಾರದು ಎಂದು ನಿಂತು ಮಾಡಿಸಿ. ಪಾಲಿಗೆ ಆಯಿಲ್ ಡೀಸೆಲಿನಿಂದ ಅಷ್ಟು ಹಾನಿಯಿಲ್ಲ. ಇದು ಪಾಲಿಯ ನಿಜವಾದ ಬಲ.

ಹಾಗೆಂದು ಪಾಲಿ ಅಮರವಲ್ಲ. ಕಪಾಟಿನ ಮೇಲೆ ಎರಡು ಮೂರು ಮಳೆಗಾಲ ಇಟ್ಟ ಶೂ ತೆಗೆದು ಮದುವೆಗೆ ಹಾಕಿಕೊಂಡು ಹೋದಾಗ ಅಡಿ ಪುಡಿಪುಡಿಯಾಗಿ ಉದುರಿದ್ದು ಮಂಗಳೂರು ಉಡುಪಿಯ ಎಷ್ಟೋ ಮನೆಗಳಲ್ಲಿ ಆದ ಸಂಗತಿ. ಆ ಅಡಿ ಪಾಲಿಯುರೆಥೇನ್. ಪಾಲಿಯುರೆಥೇನಿನಲ್ಲಿ ಎರಡು ಜಾತಿ: ಪಾಲಿಎಸ್ಟರ್ ಮೂಲದ್ದು, ಪಾಲಿಈಥರ್ ಮೂಲದ್ದು. ಪಾಲಿಎಸ್ಟರ್ ಮೂಲದ್ದನ್ನು ಸೆಕೆ ಮತ್ತು ತೇವ ಒಟ್ಟಿಗೆ ಸೇರಿ ಒಳಗಿಂದಲೇ ಒಡೆಯುತ್ತವೆ. ಸೆಕೆ, ತೇವ ಎರಡಕ್ಕೂ ನಮ್ಮಲ್ಲಿ ಬರವಿಲ್ಲ. ಪಾಲಿಈಥರ್ ಮೂಲದ್ದು ನೀರನ್ನು ಚೆನ್ನಾಗಿ ತಡೆಯುತ್ತದೆ. ಕೊಳ್ಳುವ ಮೊದಲು ಯಾವ ಜಾತಿ ಎಂದು ಕೇಳಿ. ಉತ್ತರ ಕೊಡಲಾಗದವರ ಹತ್ತಿರ ನಾನು ಕೊಳ್ಳುವುದಿಲ್ಲ.

ಮತ್ತೆ ಉಪ್ಪು. ಮಲ್ಪೆ, ಪಣಂಬೂರು ಕಡೆ ಮನೆಯಿದ್ದರೆ ಗಾಳಿಯಲ್ಲೇ ಉಪ್ಪು, ಮೀನಿನ ಲಾರಿಯ ಹಿಂದೆ ಹೋದರೆ ರಸ್ತೆಯಲ್ಲೂ ಉಪ್ಪುನೀರು. ರಬ್ಬರ್ ಬುಶ್ಶಿನ ಒಳಕೊಳವೆ ತುಕ್ಕು ಹಿಡಿದು ಬೋಲ್ಟಿಗೇ ಅಂಟಿ, ಕೊನೆಗೆ ಬೋಲ್ಟ್ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಪಾಲಿಯಲ್ಲಿ ತುಕ್ಕು ಹಿಡಿದ ಕೊಳವೆ ಮರಳು ಕಾಗದದ ಹಾಗೆ ಪಾಲಿಯನ್ನು ಉಜ್ಜುತ್ತದೆ. ಪಾಲಿ ಹಾಕುವುದಾದರೆ ಸ್ಟೇನ್‌ಲೆಸ್ ಕೊಳವೆ ಇರುವ ಕಿಟ್ಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ತೊಂದರೆಯಿಲ್ಲ.

ಎಲ್ಲಿಗೆ ಯಾವುದು

ಒಂದು ಚಕ್ರ ಮೇಲೆ, ಒಂದು ಚಕ್ರ ಕೆಳಗೆ ಹೋದಾಗ ಆ ಜಾಗದಲ್ಲಿ ಏನಾಗುತ್ತದೆ ಎಂದು ಯೋಚಿಸಿ. ರೇಡಿಯಸ್ ಆರ್ಮಿನ ಗಾಡಿಯಲ್ಲಿ ಪ್ರತಿ ಆರ್ಮ್ ಆಕ್ಸಲ್ಲನ್ನು ಎರಡು ಬುಶ್ಶಿನಿಂದ ಹಿಡಿದಿರುತ್ತದೆ, ಚೇಸಿಗೆ ಒಂದು ಬುಶ್ಶಿನಿಂದ. ಎಡಚಕ್ರ ಏರಿ ಬಲಚಕ್ರ ಇಳಿದಾಗ ಎಡದ ಆರ್ಮ್ ಆಕ್ಸಲ್ಲನ್ನು ಒಂದು ಕಡೆಗೆ ಹೊರಳಿಸಲು ನೋಡುತ್ತದೆ, ಬಲದ ಆರ್ಮ್ ವಿರುದ್ಧ ದಿಕ್ಕಿಗೆ. ಆಕ್ಸಲ್ ಉಕ್ಕಿನ ಕೊಳವೆ, ಅದು ತಿರುಚದು. ಹಾಗಾದರೆ ಬಗ್ಗಬೇಕಾದದ್ದು ಯಾವುದು? ಆ ನಾಲ್ಕು ಬುಶ್ ಮಾತ್ರ. ಅಲ್ಲಿ ಗಡಸು ಪಾಲಿ ಹಾಕಿದರೆ ಬುಶ್ ಬಗ್ಗುವುದಿಲ್ಲ, ಚಕ್ರ ಕೆಳಗಿಳಿಯುವುದಿಲ್ಲ, ಒತ್ತಡವೆಲ್ಲ ಬ್ರಾಕೆಟ್ಟಿಗೆ ಹೋಗುತ್ತದೆ. ನನ್ನ ಚಕ್ರ ಗಾಳಿಗೆ ಎದ್ದದ್ದೂ ವೆಲ್ಡಿಂಗ್ ಬಿರುಕು ಬಿಟ್ಟದ್ದೂ ಇದೇ ಕಾರಣಕ್ಕೆ. ಬುಶ್ ಮಾಡಿದವರದ್ದು ಏನೂ ತಪ್ಪಿಲ್ಲ, ಹಾಕಿದ ಜಾಗ ತಪ್ಪು.

ಹಾಗಾಗಿ ರೇಡಿಯಸ್ ಆರ್ಮಿನ ಆಕ್ಸಲ್ ಕಡೆಯ ಬುಶ್, ಹಿಂದಿನ ಮಲ್ಟಿಲಿಂಕಿನ (ಆಕ್ಸಲ್ಲನ್ನು ಹಲವು ಆರ್ಮ್ ಹಿಡಿಯುವ ಜೋಡಣೆಯ) ಆರ್ಮ್‌ಗಳು, ಅದರಲ್ಲೂ ಮೇಲಿನವು, ಇವಕ್ಕೆ ಕಂಪನಿಯ ರಬ್ಬರೇ ಸರಿ. ಮಾರುತಿ ಜಿಮ್ನಿಯಂತೆ ಎರಡೂ ಕಡೆ ಇಡೀ ಆಕ್ಸಲ್, ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಯವರು ಇದನ್ನು ಮನಸ್ಸಿನಲ್ಲಿಡಿ. ಡಾಂಬರು ಬಿಟ್ಟು ಇಳಿಯುವುದೇ ಇಲ್ಲ, ಹೆದ್ದಾರಿ ಮಾತ್ರ ಎನ್ನುವವರಿಗೆ ಪಾಲಿಯಿಂದ ಬ್ರೇಕಿನಲ್ಲಿ, ತಿರುವಿನಲ್ಲಿ ಬಿಗಿ ಸಿಗುತ್ತದೆ ನಿಜ. ಆದರೆ ತೋಟದ ದಾರಿಗೆಂದೇ ಫೋರ್ ವೀಲ್ ಡ್ರೈವ್ ಕೊಂಡವರು ಅದರ ಮುಖ್ಯ ಗುಣವನ್ನೇ ಕಟ್ಟಿಹಾಕಿದ ಹಾಗಾಗುತ್ತದೆ.

ಮಾರುತಿ ಜಿಪ್ಸಿ, ಹಳೆಯ ಮಹೀಂದ್ರ ಜೀಪುಗಳಂತೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಕತೆ ಬೇರೆ. ಸ್ಪ್ರಿಂಗಿನ ಕಣ್ಣು, ಅದರ ತುದಿಯನ್ನು ಚೇಸಿಗೆ ಸೇರಿಸುವ ಕೊಂಡಿ (ಶ್ಯಾಕಲ್) ಹೆಚ್ಚುಕಡಿಮೆ ಒಂದೇ ಅಕ್ಷದಲ್ಲಿ ತಿರುಗುತ್ತವೆ, ಉಳಿದ ತಿರುಚುವಿಕೆಯನ್ನು ಪ್ಲೇಟುಗಳೇ ನುಂಗುತ್ತವೆ. ಅಲ್ಲಿ ಪಾಲಿ ಧೈರ್ಯವಾಗಿ ಹಾಕಬಹುದು, ಸ್ಟೇರಿಂಗ್ ಅಲೆದಾಟ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಕೆಸರಿನಲ್ಲಿ ಓಡಿಸುವವರು ಗ್ರೀಸ್ ನಿಪ್ಪಲ್ ಇರುವ ಪಿನ್ ಸಿಕ್ಕರೆ ಅದನ್ನೇ ಹಾಕಿಸಿ.

ಸ್ಟೆಬಿಲೈಸರಿನ ಡಿ ಬುಶ್ ಪಾಲಿಗೆ ಹೇಳಿ ಮಾಡಿಸಿದ ಜಾಗ. ಬಾರಿನ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆದು ಅದೇ ಮಿಲಿಮೀಟರಿನದ್ದು ತನ್ನಿ. ಪ್ಯಾನ್ಹಾರ್ಡ್ ರಾಡಿಗೂ ನಾನು ಪಾಲಿ ಉಳಿಸಿಕೊಂಡಿದ್ದೇನೆ. ಹೆದ್ದಾರಿಯಲ್ಲಿ ಬಸ್ಸಿನ ಗಾಳಿಗೆ ಗಾಡಿ ಮೊದಲಿನಂತೆ ತೂರಾಡುವುದಿಲ್ಲ.

ಫಾರ್ಚೂನರ್, 2020ರಿಂದ ಬಂದ ಥಾರ್ ಮುಂತಾದವುಗಳ, ಪ್ರತಿ ಮುಂದಿನ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿಯುವ, ಡಬಲ್ ವಿಶ್‌ಬೋನಿನಲ್ಲಿ ಆರ್ಮ್‌ಗಳು ಒಂದೇ ಅಕ್ಷದಲ್ಲಿ ತಿರುಗುವುದರಿಂದ ಪಾಲಿಯಿಂದ ಕಟ್ಟಿಹಾಕಿದಂತೆ ಆಗುವುದಿಲ್ಲ. ಆದರೆ ಅಲ್ಲಿನ ರಬ್ಬರನ್ನು ಹೊಂಡದ ಏಟನ್ನು ಹಿಂದಕ್ಕೆ ಸರಿದು ನುಂಗಲೆಂದೇ ಮೆತ್ತಗೆ ಮಾಡಿರುತ್ತಾರೆ. ಪಾಲಿ ಹಾಕಿದರೆ ಆ ಏಟು ಸ್ಟೇರಿಂಗಿಗೂ ಸೀಟಿಗೂ ಬರುತ್ತದೆ. ಮನೆಯಲ್ಲಿ ಸೊಂಟನೋವಿನ ಹಿರಿಯರಿದ್ದು ಅದೇ ಗಾಡಿಯಲ್ಲಿ ಮಣಿಪಾಲಕ್ಕೆ ಆಸ್ಪತ್ರೆಗೆ ಕರೆದೊಯ್ಯಬೇಕಾದವರು ರಬ್ಬರಿನಲ್ಲೇ ಇರಲಿ ಎಂದು ನನ್ನ ಅಭಿಪ್ರಾಯ. ವಾರಂಟಿ ಇರುವ ಗಾಡಿಗೂ ಕಂಪನಿ ಬುಶ್ಶೇ. ಬಾಡಿ ಮೌಂಟಿಗೆ, ಶಾಕ್ ಅಬ್ಸಾರ್ಬರಿನ ಕಣ್ಣಿಗೆ ರಬ್ಬರ್ ಸಾಕು.

ಕೂರಿಸುವಾಗ ಎದುರಿಗೆ ನಿಂತು ನೋಡಬೇಕಾದದ್ದು

ರಬ್ಬರ್ ಬುಶ್ಶನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಕೂರಿಸುವಾಗ ಒತ್ತಡ ಹೊರಗಿನ ಕೊಳವೆಯ ಅಂಚಿಗೆ ಮಾತ್ರ ಬೀಳಬೇಕು. ನಡುವಿನ ಕೊಳವೆಗೆ ಒತ್ತಿದರೆ ಹೊಸ ಬುಶ್ ಪ್ರೆಸ್ಸಿನಲ್ಲೇ ಹರಿಯುತ್ತದೆ. ಅಳತೆಯ ಪೈಪ್ ತುಂಡು ಲೇತಿನವರ ಹತ್ತಿರ ಇರುತ್ತದೆ. ಹಳೆಯದನ್ನು ತೆಗೆಯುವ ಮೊದಲು ಖಾಲಿ ಜಾಗ ಯಾವ ದಿಕ್ಕಿಗೆ ಇತ್ತೆಂದು ಆರ್ಮಿನ ಮೇಲೆ ಗುರುತು ಹಾಕಿ, ಹೊಸದನ್ನು ಅದೇ ದಿಕ್ಕಿಗೆ ಕೂರಿಸಿ. ಜಾರಲು ಸೋಪಿನ ನೀರು, ಗ್ರೀಸ್ ಅಲ್ಲ. ಗ್ಯಾಸ್ ಹೊತ್ತಿಸಿ ಹಳೆ ರಬ್ಬರ್ ಸುಡುವವರಿದ್ದಾರೆ, ಆ ಹೊಗೆ ಎದೆಗೆ ಕೆಟ್ಟದ್ದು, ಬೇಡವೆನ್ನಿ.

ಬೋಲ್ಟುಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿಸಿ. ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಸಲ ಕುಲುಕಿಸಿ, ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ, ಚಕ್ರದ ಮೇಲೆ ಪೂರ್ತಿ ಭಾರ ಬಿದ್ದ ಮೇಲೆ ಟಾರ್ಕ್ ರೆಂಚಿನಲ್ಲಿ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುವ ಅಳತೆಗೆ ಬಿಗಿಸಿ. ಈ ಒಂದು ಕೆಲಸಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. “ಅಣ್ಣ, ಫೈನಲ್ ಟೈಟ್ ನೆಲದ ಮೇಲೇ ಮಾಡುವ, ನಾನು ನಿಲ್ತೇನೆ” ಎಂದು ಮೊದಲೇ ಹೇಳಿ, ಒಳ್ಳೆಯ ಮೆಕ್ಯಾನಿಕ್ ಯಾರೂ ಬೇಸರಿಸುವುದಿಲ್ಲ.

ಪಾಲಿಗಾದರೆ ಕಣ್ಣಿನ ಒಳಗಿನ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಹಳೆಯ ಹೊರಕೊಳವೆ ಉಳಿಸಬೇಕೋ ತೆಗೆಯಬೇಕೋ ಕಿಟ್ಟಿನ ಕಾಗದದಲ್ಲಿ ಬರೆದಿರುತ್ತದೆ, ಓದಿ. ಎರಡು ತುಂಡು ಕೂರಿಸಿದ ಮೇಲೆ ಉಕ್ಕಿನ ಕೊಳವೆ ಎರಡೂ ಬದಿ ಪಾಲಿಗಿಂತ ಒಂದು ಕೂದಲಿನಷ್ಟು ಹೊರಗೆ ಇರಬೇಕು. ಒಳಗೆ ಹೋಗಿದ್ದರೆ ಬೋಲ್ಟ್ ಬಿಗಿದಾಗ ಪಾಲಿಯೇ ಜಜ್ಜಿ ಹಿಡಿದುಕೊಳ್ಳುತ್ತದೆ, ತಿರುಗುವುದಿಲ್ಲ. ಕಿಟ್ಟಿನ ಜೊತೆ ಬಂದ ಗ್ರೀಸನ್ನೇ ಒಳಗೂ ಮುಖಕ್ಕೂ ಹಚ್ಚಿ. ಮಳೆಗಾಲ ಮುಗಿದು ನವರಾತ್ರಿಯ ಹೊತ್ತಿಗೆ ಬಿಚ್ಚಿ ಒರೆಸಿ ಮತ್ತೆ ಹಚ್ಚಬೇಕು. ಆಯುಧಪೂಜೆಗೆ ಗಾಡಿ ಹೇಗೂ ತೊಳೆಯುತ್ತೇವಲ್ಲ, ಅದರ ಹಿಂದಿನ ವಾರ ಇದಕ್ಕೆ ಇಟ್ಟುಕೊಂಡಿದ್ದೇನೆ.

ಎರಡರಲ್ಲಿ ಯಾವುದೇ ಹಾಕಿದರೂ ಜೋಡಿಯಾಗಿ ಹಾಕಿ, ಒಂದು ಕಡೆ ಹೊಸದು ಒಂದು ಕಡೆ ಹಳೆಯದು ಬೇಡ. ಆಮೇಲೆ ಅಲೈನ್ಮೆಂಟ್. 500 ಕಿ.ಮೀ. ಆದ ಮೇಲೆ ಬಿಳಿ ಗೆರೆ ನೋಡಿ.

ನನ್ನ ಗಾಡಿಯಲ್ಲಿ ಈಗ ಪ್ಯಾನ್ಹಾರ್ಡಿಗೂ ಡಿ ಬುಶ್ಶಿಗೂ ಪಾಲಿ, ಉಳಿದೆಲ್ಲ ಕಡೆ ರಬ್ಬರ್. ವೆಲ್ಡಿಂಗ್ ಬಿರುಕನ್ನು ಪೂರ್ತಿ ಕೊರೆದು ತೆಗೆದು ಮತ್ತೆ ತುಂಬಿಸಿ, ಮೇಲಿಂದ ಒಂದು ಪಟ್ಟಿ ಕೂರಿಸಿದ್ದಾರೆ. ಕಳೆದ ಭಾನುವಾರ ಆಗುಂಬೆಗೆ ಹತ್ತಿ ಇಳಿದೆ, 14 ತಿರುವಿನಲ್ಲಿ ಒಂದು ‘ಟಕ್’ ಕೂಡ ಇಲ್ಲ. ಸೋಮೇಶ್ವರದಲ್ಲಿ ನಿಲ್ಲಿಸಿ ಟಾರ್ಚ್ ಹಾಕಿ ನೋಡಿದಾಗ ಮುಂದಿನ ಗೆರೆಗಳೆಲ್ಲ ನೇರವಾಗಿದ್ದವು. ಹಿಂದೆ ಬಲಗಡೆಯ ಕೆಳಗಿನ ಆರ್ಮಿನ ಗೆರೆ ಮಾತ್ರ ಎಳ್ಳಿನಷ್ಟು ಸರಿದಂತೆ ಕಂಡಿತು. ನಾಳೆ ಶಾಲೆ ಬಿಟ್ಟ ಮೇಲೆ ಟಾರ್ಕ್ ರೆಂಚ್ ತೆಗೆದುಕೊಂಡು ಅದನ್ನು ನೋಡಬೇಕು.